ಚಂಪಾ ಕುಳಿತುಕೊಳ್ಳಲು ಕಲಿತದ್ದು

ಮಗುವಿಗೆ ಉಣಿಸುವುದೂ ಕಲಿಯಬೇಕಾದ ಕೆಲಸ ಎಂದು ಮೊದಲು ನನಗೆ ಅನ್ನಿಸಿರಲಿಲ್ಲ. ನನ್ನ ತವರು ಚಪಳಗಾಂವದಲ್ಲಿ ದೊಡ್ಡವರು ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಮಕ್ಕಳು ಹೇಗೋ ಉಂಡಿರುತ್ತಿದ್ದವು. ಆದರೆ ನನ್ನ ಚೊಚ್ಚಲ ಮಗಳು ಚಂಪಾಳಿಗೆ ಒಂದು ಬಟ್ಟಲು ಹಾಲು ಕುಡಿಸಲು ಸೊಲ್ಲಾಪುರದ ನಮ್ಮ ಮನೆಯಲ್ಲಿ ಇಡೀ ಮುಂಜಾನೆ ಬೇಕಾಗುತ್ತಿತ್ತು. ಪಾಳಿಗೆ ಕರೆಯುವ ಗಿರಣಿಯ ಭೋಂಗಾ ಕೂಗುವಾಗ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರೆ, ಗಂಡ ನೂಲಿನ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತಿಗೂ ಬಟ್ಟಲು ಬರಿದಾಗಿರುತ್ತಿರಲಿಲ್ಲ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಹೆಚ್ಚು. ಕೆಲವೊಮ್ಮೆ ಹಾಲು ಮೂಗಿನಿಂದ ಬರುತ್ತಿತ್ತು. ಆಗ ಕೆಮ್ಮು. ಕೆಮ್ಮಿದೊಡನೆ ಅವಳ ತಲೆ ಹಿಂದಕ್ಕೆ ಹೋಗಿ ಮೈಯೆಲ್ಲ ಬಿಲ್ಲಿನಂತೆ ಬಾಗುತ್ತಿತ್ತು, ಕಾಲುಗಳು ಒಂದರ ಮೇಲೊಂದು ಕತ್ತರಿಯಂತೆ ಬಿಗಿದುಕೊಳ್ಳುತ್ತಿದ್ದವು.

ಹೆರಿಗೆ ಕಷ್ಟದ್ದಾಗಿತ್ತು. ಹುಟ್ಟಿದಾಗ ಮಗು ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಸೂಲಗಿತ್ತಿ ಬಹಳ ಹೊತ್ತು ಉಜ್ಜಿ, ತಟ್ಟಿ ಉಸಿರು ತರಿಸಿದ್ದಳು. ಓಣಿಯ ಬೇರೆ ಮಕ್ಕಳು ಕುತ್ತಿಗೆ ನಿಲ್ಲಿಸಿ, ಬೋರಲು ಬಿದ್ದು, ಅಂಬೆಗಾಲಿಡುವ ಹೊತ್ತಿಗೂ ಚಂಪಾಳ ಕುತ್ತಿಗೆ ನಿಲ್ಲಲಿಲ್ಲ. ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಂಡೇ ಇರುತ್ತಿತ್ತು. ಈಗಿನ ಡಾಕ್ಟರರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಆಗ ನಮ್ಮ ಓಣಿಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಬಂದವರೆಲ್ಲ ಒಂದೊಂದು ಹೆಸರು ಇಟ್ಟು ಹೋಗುತ್ತಿದ್ದರು.

ನನ್ನ ಅತ್ತೆ ಮಾತಿನಲ್ಲಿ ಚುರುಕು, ಕೈಯಲ್ಲಿ ಇನ್ನೂ ಚುರುಕು. ಸೊಸೆಗೆ ಹಾಲು ಕುಡಿಸಲು ಬರುವುದಿಲ್ಲ ಎಂದು ಅವರು ಒಂದು ದಿನ ತಾವೇ ಮಗುವನ್ನು ತೆಗೆದುಕೊಂಡು ಕೂತರು. ಬಹಳ ಹೊತ್ತು ಹೆಣಗಿದರು. ಕೊನೆಗೆ ಬಟ್ಟಲು ಕೆಳಗಿಟ್ಟು ನನ್ನ ಕಡೆ ನೋಡಿದರು.

"ನಾ ಇಷ್ಟ ಮಕ್ಕಳನ್ನ ಹಡದೀನಿ, ಬೆಳಸೀನಿ. ಇದು ಬ್ಯಾರೆ ಐತಿ, ಯವ್ವಾ. ನಿನ್ನ ಕೈಯಾಗಿಂದು ತಪ್ಪಲ್ಲ," ಎಂದರು.

ಆ ಮಾತು ನನಗೆ ಎಷ್ಟು ಬಲ ಕೊಟ್ಟಿತೆಂದರೆ, ಮರುದಿನದಿಂದ ನಾನು ಅಳುವುದನ್ನು ಬಿಟ್ಟು ನೋಡುವುದನ್ನು ಶುರು ಮಾಡಿದೆ. ಏನು ಮಾಡಿದಾಗ ಬಿಗಿಯುತ್ತಾಳೆ, ಏನು ಮಾಡಿದಾಗ ಸಡಿಲುತ್ತಾಳೆ ಎಂಬುದಷ್ಟೇ ನನ್ನ ಲಕ್ಷ್ಯ. ಅಂಗಾತ ಮಲಗಿಸಿದರೆ ಬಿಗಿಯುತ್ತಿದ್ದಳು. ಪಾತ್ರೆ ಬಿದ್ದ ಸದ್ದಿಗೆ ಬಿಗಿಯುತ್ತಿದ್ದಳು. ತಲೆಯ ಹಿಂಭಾಗ ಹಿಡಿದು ಮುಂದಕ್ಕೆ ನೂಕಿದರೆ ಅವಳ ತಲೆ ನನ್ನ ಕೈಯನ್ನೇ ಹಿಂದಕ್ಕೆ ನೂಕುತ್ತಿತ್ತು. ಆದರೆ ಸ್ನಾನಕ್ಕೆ ಒಯ್ಯುವಾಗ ಮೊಣಕಾಲು ಮಡಿಸಿ ಹೊಟ್ಟೆಗೆ ತಾಗಿಸಿ ಎತ್ತಿಕೊಂಡರೆ ಇಡೀ ಮೈ ಮೆತ್ತಗಾಗುತ್ತಿತ್ತು. ಬಿಗಿತದ ಗುಟ್ಟು ಸೊಂಟದಲ್ಲಿದೆ ಎಂದು ನನಗೆ ತಿಳಿದದ್ದು ಹಾಗೆ. ಸೊಂಟ ಮಡಿಸಿದರೆ ಕಾಲು ಬಿಡುತ್ತವೆ, ಕಾಲು ಬಿಟ್ಟರೆ ಬೆನ್ನು ಬಿಡುತ್ತದೆ, ಬೆನ್ನು ಬಿಟ್ಟರೆ ಗಂಟಲು.

ಅಂದಿನಿಂದ ಮಲಗಿಸಿ ಕುಡಿಸುವುದು ನಿಂತಿತು. ಗೋಡೆಗೆ ಒರಗಿ ಕೂತು, ನನ್ನ ಒಂದು ಮೊಣಕಾಲು ಎತ್ತಿ ಅದರ ತಗ್ಗಿನಲ್ಲಿ ಅವಳನ್ನು ಕೂಡಿಸಿ, ಗದ್ದ ಸ್ವಲ್ಪ ಕೆಳಗೆ ಬರುವಂತೆ ಭುಜದಿಂದ ಹಿಡಿದೆ. ತೆಳ್ಳಗಿನ ಹಾಲು ಬಿಟ್ಟು ಜೋಳದ ಹಿಟ್ಟಿನ ಗಂಜಿಯನ್ನು ಹಾಲಿನಲ್ಲಿ ದಪ್ಪಗೆ ಕುದಿಸಿದೆ. ತೆಳ್ಳಗಿದ್ದದ್ದು ಗಂಟಲಿಗೆ ಓಡುತ್ತದೆ, ದಪ್ಪಗಿದ್ದದ್ದು ನಾಲಿಗೆಯ ಮೇಲೆ ನಿಂತು ಅವಳಿಗೆ ತಯಾರಾಗಲು ವೇಳೆ ಕೊಡುತ್ತದೆ. ಚಮಚದಿಂದ ನಾಲಿಗೆಯ ನಡುವೆ ಮೆಲ್ಲಗೆ ಒತ್ತಿದರೆ ತುಟಿ ತಾನಾಗಿ ಮುಚ್ಚುತ್ತಿತ್ತು. ಚಂಪಾ ಕೆಮ್ಮದೆ ನುಂಗಿದಳು. ಕೆಲವು ವಾರಗಳಲ್ಲಿ ಕೆನ್ನೆ ತುಂಬಿಕೊಂಡವು. ಅತ್ತೆ ಓಣಿಯ ಹೆಂಗಸರನ್ನು ಕರೆಕರೆದು ತೋರಿಸಿದರು.

ಊಟ ಕೂಡಿಬಂದಿತು. ಇನ್ನು ಎಲ್ಲರ ಕಣ್ಣು ಕಾಲಿನ ಮೇಲೆ ಬಿತ್ತು.

ಸೊಲ್ಲಾಪುರದ ದವಾಖಾನೆಯೊಂದರಲ್ಲಿ ಒಬ್ಬ ಡಾಕ್ಟರೀಣಬಾಯಿ ಇದ್ದರು. ಮರಾಠಿಯವರು. ಮಗುವನ್ನು ಅವಸರವಿಲ್ಲದೆ ನೋಡಿದರು. "ಬಾಯಿ, ಹೇ ಔಷಧಾನಂ ಬರಂ ಹೋಣಾರ ನಾಹೀ," ಎಂದರು. ಇದು ಔಷಧದಿಂದ ವಾಸಿಯಾಗುವುದಲ್ಲ ಎಂದು ಅಷ್ಟು ನೇರವಾಗಿ ಹೇಳಿದವರು ಅವರೇ ಮೊದಲು. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ, ಆ ಪೆಟ್ಟು ಬೆಳೆಯುವುದಿಲ್ಲ, ಹೋಗುವುದೂ ಇಲ್ಲ; ಆದರೆ ಕಾಲಿನ ನರಗಳು, ಎಂದರೆ ಸ್ನಾಯುಗಳು, ದಿನದಿನಕ್ಕೆ ಮೋಟಾಗಿ ಗಿಡ್ಡಾಗುತ್ತವೆ, ಅದನ್ನು ತಡೆಯುವುದು ನಿಮ್ಮ ಕೈಯಲ್ಲಿದೆ ಎಂದರು. ಹಿಮ್ಮಡಿ ಹಿಡಿದು ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತಿ ಹಿಡಿಯುವುದು, ತೊಡೆಗಳನ್ನು ಅಗಲ ಮಾಡುವುದು, ಎಳೆಯದೆ ಕಾಯುವುದು, ಬಿಗಿತ ತಾನಾಗಿ ಸೋತಾಗ ಇನ್ನಷ್ಟು ಮುಂದೆ ಹೋಗುವುದು, ಇವನ್ನು ನನ್ನ ಕೈ ಹಿಡಿದು ತೋರಿಸಿದರು. ಮುಂದೆ ದೊಡ್ಡವಳಾದಾಗ ಬೇಕಿದ್ದರೆ ಮಿರಜದ ದೊಡ್ಡ ದವಾಖಾನೆಯಲ್ಲಿ ಹಿಮ್ಮಡಿಯ ಹಿಂದಿನ ನರ ಕೊಯ್ಯಿಸಿ ಉದ್ದ ಮಾಡಿಸಬಹುದು ಎಂದೂ ಹೇಳಿದರು.

"ಬುದ್ಧಿ ಹೆಂಗ ಇರ್ತದ್ರಿ, ಬಾಯಿ?" ಎಂದು ಕೇಳಿದೆ.

ಅವರಿಗೆ ಕನ್ನಡ ಸಾಕಷ್ಟು ಬರುತ್ತಿತ್ತು. "ಅದು ನಾ ಹೇಳಂಗಿಲ್ಲ. ನೀವು ದಿನಾ ನೋಡತೀರಿ. ನೀವಽ ನನಗ ಬಂದು ಹೇಳ್ರಿ," ಎಂದರು.

ನನ್ನ ಗಂಡ ಮಿತಭಾಷಿ, ಮಗಳ ಮೇಲೆ ಪ್ರಾಣ. "ಪೋರಿ ನಿಂತ್ರ ಸಾಕು. ಮುಂದಿಂದು ಆಮ್ಯಾಲ ನೋಡೋಣ," ಎನ್ನುತ್ತಿದ್ದರು. ತಾಲೀಮಿನ, ಎಂದರೆ ಗರಡಿಮನೆಯ, ಒಬ್ಬ ಪೈಲವಾನರು ಎಲುಬು ಕೂಡಿಸುವುದರಲ್ಲಿ ಹೆಸರು ಮಾಡಿದ್ದರು. ಗಂಡ ಅವರನ್ನು ಕರೆತಂದರು. ಆತ ಒಳ್ಳೆಯವರು, ಎಣ್ಣೆ ಬಿಸಿ ಮಾಡಿ ಹಚ್ಚುವಾಗ ಮಗುವಿಗೆ ಹಾಡು ಹೇಳುತ್ತಿದ್ದರು. ಆದರೆ ಅವರ ಕೈ ಪೈಲವಾನರ ಕೈ. ಅವರು ಎಳೆದಷ್ಟೂ ಚಂಪಾಳ ಕಾಲು ಎದುರು ಎಳೆಯುತ್ತಿದ್ದವು. ಕೆಲವು ದಿನಕ್ಕೆ ತೊಡೆಯ ಸಂದು ಬಾತು ಜ್ವರ ಬಂತು. ಗಂಜಿಗೂ ಬಾಯಿ ತೆರೆಯಲಿಲ್ಲ. ನಾನು ಪೈಲವಾನರಿಗೆ ಕೈಮುಗಿದು ಬೇಡವೆಂದೆ. ಅವರೂ ಬೇಸರಪಡಲಿಲ್ಲ. "ಇದು ಸರದ ಎಲುಬಲ್ಲ, ಅಕ್ಕಾ. ನನ್ನ ವಿದ್ಯಾ ಇಲ್ಲಿ ನಡೆಯಂಗಿಲ್ಲ," ಎಂದು ಹೇಳಿ ಹೋದರು.

ಮುಂದೆ ನಡೆಗಾಡಿ ಬಂತು. ಮೂರು ಗಾಲಿಯ, ಹಿಡಿದುಕೊಂಡು ನೂಕುತ್ತ ನಡೆಯುವ ಮರದ ಗಾಡಿ. ಎಲ್ಲ ಮಕ್ಕಳೂ ಅದರಿಂದಲೇ ನಡೆಯಲು ಕಲಿಯುತ್ತಾರೆ. ಕಾಲಿಗೆ ಮರದ ಪಟ್ಟಿ ಕಟ್ಟಿ, ಮುಷ್ಟಿಯನ್ನು ಅರಿವೆಯಿಂದ ಗಾಡಿಗೆ ಬಿಗಿದು, ಕಂಕುಳಲ್ಲಿ ಹಿಡಿದು ಪಡಸಾಲೆಯಲ್ಲಿ ನಡೆಸುತ್ತಿದ್ದೆ. ಚಂಪಾಳಿಗೆ ಆಗ ಮೂರು ತುಂಬಿತ್ತು. ತುದಿಗಾಲಲ್ಲಿ ನಿಂತು, ಕಾಲು ಒಂದಕ್ಕೊಂದು ಹೆಣೆದು, ಹಲ್ಲು ಕಚ್ಚಿ ಬೆವರುತ್ತಿದ್ದಳು. ಒಂದು ವರ್ಷವೆಲ್ಲ ಹೀಗೇ ಹೋಯಿತು. ಗಾಡಿ ಮುಂದೆ ಹೋಗುತ್ತಿತ್ತು, ಅದು ನನ್ನ ಕೈಯಿಂದ. ಒಂದು ಸಲ ಅರಿವೆ ಸಡಿಲಿ ಅವಳು ಮುಖ ಅಡಿಯಾಗಿ ಬಿದ್ದಳು, ತುಟಿ ಹರಿಯಿತು. ಅಂದಿನಿಂದ ಗಾಡಿ ಕಂಡರೆ ಸಾಕು, ಮೈ ಬಿಲ್ಲಾಗುತ್ತಿತ್ತು.

ಆ ಬೇಸಿಗೆಯಲ್ಲಿ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಬಂತು. ಬೀದಿಗಳಲ್ಲಿ ಬಂದೂಕು ಹಿಡಿದ ಸೋಜರರು, ಅಂಗಡಿಗಳಿಗೆ ಬೀಗ, ಗಾಂಧಿ ಟೊಪ್ಪಿಗೆ ಹಾಕಿಕೊಂಡವರನ್ನು ಹಿಡಿಯುತ್ತಿದ್ದರು. ಹಾಲು ತರಲು ಹೊರಗೆ ಹೋಗುವುದೂ ಭಯ. ಗಂಡ ಮತ್ತು ಅತ್ತೆ ಮನೆ ಕಾಯಲು ಉಳಿದರು. ನನ್ನನ್ನೂ ಮಗುವನ್ನೂ ಚಪಳಗಾಂವಕ್ಕೆ ಕಳಿಸಿದರು. ಆ ಊರು ಅಕ್ಕಲಕೋಟ ಸಂಸ್ಥಾನದ ಸೀಮೆ, ಅಲ್ಲಿ ಆ ಗದ್ದಲ ಇರಲಿಲ್ಲ. ಅವಸರದಲ್ಲಿ ಹೊರಟೆವು. ನಡೆಗಾಡಿ, ಕಾಲಿನ ಪಟ್ಟಿ ಎಲ್ಲ ಸೊಲ್ಲಾಪುರದಲ್ಲೇ ಉಳಿದವು.

ನನ್ನ ಅಪ್ಪ ಒಕ್ಕಲುತನದ ಮನುಷ್ಯ. ಮೊಮ್ಮಗಳನ್ನು ಅಷ್ಟು ದಿನ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಂಜೆ ಎತ್ತುಗಳಿಗೆ ನೀರು ಕುಡಿಸುವಾಗ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎತ್ತಿನ ಹೆಸರು ಹಿಡಿದು ಕೂಗುತ್ತಿದ್ದರು. ಒಂದು ಎತ್ತು ಸರ್ಜ್ಯಾ, ಇನ್ನೊಂದು ಮಾಣಿಕ್ಯಾ. ಒಂದು ಸಂಜೆ ಏನೋ ಯೋಚನೆಯಲ್ಲಿ ಸರ್ಜ್ಯಾನಿಗೆ ಮಾಣಿಕ್ಯಾ ಎಂದುಬಿಟ್ಟರು. ಚಂಪಾ ನಕ್ಕಳು. ಅಪ್ಪ ತಿರುಗಿ ನೋಡಿದರು. ಸರಿಯಾದ ಹೆಸರು ಹೇಳಿದರು, ಸುಮ್ಮನಿದ್ದಳು. ಮತ್ತೆ ಬೇಕೆಂದೇ ಅದಲುಬದಲು ಮಾಡಿದರು. ಮೈಯೆಲ್ಲ ಕುಣಿಯುವ ಹಾಗೆ ನಕ್ಕಳು.

"ಏ ಅವ್ವಾ, ಇಲ್ಲಿ ಬಾ," ಎಂದು ಅಪ್ಪ ನನ್ನನ್ನು ಕರೆದರು. "ಈಕಿಗೆ ಏನೂ ತಿಳಿಯಂಗಿಲ್ಲ ಅಂತ ಯಾರ ಅಂದಾರ? ನನ್ನ ತಪ್ಪ ಹಿಡದು ನಗಾಕತ್ತಾಳ!"

ನನಗೆ ಅದು ಗೊತ್ತಿತ್ತು. ತಾಯಿಗೆ ಕಣ್ಣಿನಲ್ಲೇ ತಿಳಿಯುತ್ತದೆ. ಆದರೆ ಇನ್ನೊಬ್ಬರ ಬಾಯಿಂದ ಕೇಳಿದಾಗ ಅದು ನನ್ನ ಆಸೆಯಲ್ಲ, ಇದ್ದ ಸಂಗತಿ ಎಂದು ಗಟ್ಟಿಯಾಯಿತು. ಅಂದೇ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಹೌದು ಎನ್ನಬೇಕಾದರೆ ಚಂಪಾ ಕಣ್ಣು ಮೇಲೆ ಮಾಡಬೇಕು, ಇಲ್ಲ ಎನ್ನಬೇಕಾದರೆ ಕಣ್ಣು ಮುಚ್ಚಬೇಕು. ಅವಳು ಅದನ್ನು ಎಷ್ಟು ಬೇಗ ಹಿಡಿದಳೆಂದರೆ, ಬಹಳ ದಿನದಿಂದ ನಾನು ಕೇಳಲೆಂದೇ ಕಾದಿದ್ದಳೇನೋ ಅನ್ನಿಸಿತು.

ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಹಗೇವು ತೆಗೆಯುತ್ತಾರೆ. ನೆಲದೊಳಗೆ ತೋಡಿದ ಕಣಜ ಅದು. ಒಳಗಿನ ಜೋಳವನ್ನು ಅಂಗಳದಲ್ಲಿ ರಾಶಿ ಹಾಕಿ, ಹಸನು ಮಾಡಿ, ಬಿಸಿಲಿಗೆ ಹರವುತ್ತಾರೆ. ಆ ದಿನ ಮನೆಯ ಎಲ್ಲರ ಕೈಗೂ ಕೆಲಸ. ನನ್ನ ಎರಡೂ ಕೈ ಮೊರ ಹಿಡಿಯಬೇಕಾಗಿತ್ತು. ಚಂಪಾಳನ್ನು ಎಲ್ಲಿ ಇಡಲಿ? ರಾಶಿಯಲ್ಲೇ ಒಂದು ತಗ್ಗು ಮಾಡಿ, ಅದರಲ್ಲಿ ಅವಳನ್ನು ಕೂಡಿಸಿ, ಸೊಂಟದ ಸುತ್ತ ಜೋಳ ಸರಿಸಿದೆ. ಬೀಳಬಾರದೆಂದು ತೊಡೆಗಳ ನಡುವೆಯೂ ಒಂದು ಬೊಗಸೆ ಒತ್ತಿದೆ. ಮೊರ ಎತ್ತಿಕೊಂಡು ಕೇರತೊಡಗಿದೆ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ನನ್ನ ಭುಜ ಮುಟ್ಟಿದರು. ಬೆರಳು ತೋರಿಸಿದರು. ಚಂಪಾ ಕುಳಿತಿದ್ದಳು. ಯಾರೂ ಹಿಡಿಯದೆ. ಬೆನ್ನು ನೆಟ್ಟಗೆ, ತಲೆ ಮೇಲೆ. ಬಲಗೈಯ ಮುಷ್ಟಿ ಬಿಚ್ಚಿತ್ತು. ಬೆರಳುಗಳನ್ನು ಜೋಳದೊಳಗೆ ಇಳಿಸಿ, ಎತ್ತಿ, ಕಾಳು ಉದುರುವುದನ್ನು ನೋಡುತ್ತಿದ್ದಳು. ನಾನು ಒಂದು ವರ್ಷದಿಂದ ಒಂದೊಂದೇ ಬೆರಳು ಬಿಡಿಸಿ ಬಿಡಿಸಿ ಸೋತಿದ್ದ ಆ ಮುಷ್ಟಿ ತಾನಾಗಿ ಬಿಚ್ಚಿತ್ತು.

ಸಂತೋಷಪಡುವುದಕ್ಕಿಂತ ಮೊದಲು ನನಗೆ ತಿಳಿದುಕೊಳ್ಳಬೇಕಾಗಿತ್ತು, ಈ ಜೋಳ ಮಾಡುತ್ತಿರುವ ಕೆಲಸವೇನು? ಬೆನ್ನ ಹಿಂದಿನ ಕಾಳು ಸ್ವಲ್ಪ ಸರಿಸಿದೆ. ವಾಲಲಿಲ್ಲ. ಪಕ್ಕದ್ದು ತೆಗೆದೆ, ಒಂದು ಕಡೆ ವಾಲಿದಳು. ತಿರುಗಿ ಹಾಕಿದೆ. ತೊಡೆಗಳ ನಡುವಿನದನ್ನು ತೆಗೆದೊಡನೆ ಕಾಲು ಹೆಣೆದುಕೊಂಡು, ಮೈ ನೆಟ್ಟಗಾಗಿ, ಜಾರಿ ಅಂಗಾತ ಬಿದ್ದಳು. ಮೂರು ಸಂಗತಿ ತಿಳಿದವು: ಸೊಂಟ ಮೊಣಕಾಲಿಗಿಂತ ತಗ್ಗಿನಲ್ಲಿರಬೇಕು, ತೊಡೆಗಳು ಅಗಲವಾಗಿರಬೇಕು, ಸೊಂಟದ ಎರಡೂ ಬದಿಗೆ ಆಧಾರ ಬೇಕು. ಅಷ್ಟಿದ್ದರೆ ಬೆನ್ನು, ಕುತ್ತಿಗೆ, ಕೈ ತಮ್ಮ ಕೆಲಸ ತಾವು ಮಾಡುತ್ತವೆ. ನಾವು ಅವಳನ್ನು ಒಂದು ವರ್ಷ ನಿಲ್ಲಿಸಿದ್ದೆವು. ಕುಳಿತುಕೊಳ್ಳಲಾರದ ಮಗುವನ್ನು ನಿಲ್ಲಿಸಿದ್ದೆವು.

ಇನ್ನು ಅವಳನ್ನು ನಿಲ್ಲಿಸುವುದಿಲ್ಲ ಎಂದು ಆ ಅಂಗಳದಲ್ಲೇ ನಿಶ್ಚಯಿಸಿದೆ. ಹಿಮ್ಮಡಿಯ ವ್ಯಾಯಾಮ ಬಿಡುವುದಿಲ್ಲ. ಆದರೆ ನಡಿಗೆಯ ಮಾತು ಸದ್ಯಕ್ಕೆ ಇಲ್ಲ. ಮೊದಲು ಕೂಡುವುದು.

ಚಂಪಾಳಿಗೆ ಒಂದು ಕುರ್ಚಿ ಮಾಡಿಸಲು ಗಾಡಿ ಮಾಡುವ ಬಡಿಗನನ್ನು ಕರೆಸಿದೆವು. ನಾನು ನೆಲದ ಮೇಲೆ ಬೂದಿಯಿಂದ ಗೆರೆ ಎಳೆದು ತೋರಿಸಿದೆ. ಕೂಡುವ ಹಲಗೆ ಹಿಂದಕ್ಕೆ ಇಳಿಜಾರಾಗಿರಬೇಕು, ಮುಂದೆ ನಡುವೆ ಒಂದು ಗೂಟ ಬೇಕು, ಕಾಲ ಕೆಳಗೆ ಹಲಗೆ, ಮುಂದೆ ಎದೆಮಟ್ಟಕ್ಕೆ ಒಂದು ಮಣೆ ಎಂದೆ.

"ಕುಂಡ್ರೋ ಹಲಗಿ ಸಪಾಟ ಇರಬೇಕ್ರಿ, ಅಕ್ಕಾರ. ಇಳಿಜಾರ ಮಾಡಿದ್ರ ಜಾರ್ತಾಳ," ಎಂದ ಆತ.

"ಮುಂದಕ್ಕ ಇಳಿಜಾರ ಆದ್ರ ಜಾರ್ತಾಳ. ಹಿಂದಕ್ಕ ಮಾಡು."

ಒಪ್ಪಲಿಲ್ಲ. ಸಪಾಟವಾಗಿಯೇ ಮಾಡಿ ತಂದ. ಬೀಳಬಾರದೆಂದು ಎದೆಗೆ ಒಂದು ಪಟ್ಟಿ ಕಟ್ಟಿದೆ. ಚಂಪಾ ಆ ಪಟ್ಟಿಗೆ ನೇತುಬಿದ್ದು ಕೆಳಗೆ ಜಾರುತ್ತ ಹೋದಳು, ಪಟ್ಟಿ ಕಂಕುಳಿಗೆ ಬಂದು ಕೆಂಪಗೆ ಬರೆ ಎದ್ದಿತು. ಎರಡನೆಯ ಸಲ ನಾನೇ ಅವನ ಎದುರು ಕೂತು ಮಾಡಿಸಿದೆ. ಹಲಗೆ ಹಿಂದಕ್ಕೆ ತಗ್ಗಿತು. ಗೂಟಕ್ಕೆ ಹಳೆಯ ಕೌದಿಯ ತುಂಡು ಸುತ್ತಿದೆ. ಪಟ್ಟಿಯನ್ನು ಎದೆಯಿಂದ ತೆಗೆದು ಸೊಂಟದ ಮಡಿಕೆಗೆ, ಓರೆಯಾಗಿ ಕೆಳಮುಖವಾಗಿ ಎಳೆಯುವಂತೆ ಕಟ್ಟಿಸಿದೆ. ಚಂಪಾಳನ್ನು ಕೂಡಿಸಿದಾಗ ಬಡಿಗ ಉಳಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಆತಲ್ರಿ!" ಎಂದ. "ಸಣ್ಣ ಗೌಡತಿ ಕುಂತಂಗ ಕುಂತಾಳ."

ಅದೇ ವಾರ ನನ್ನ ಗಂಡ ಸೊಲ್ಲಾಪುರದಿಂದ ಬಂದರು. ಊರು ತಣ್ಣಗಾಗಿತ್ತು. ಅವರು ಸುಮ್ಮನೆ ಬಂದಿರಲಿಲ್ಲ. ಮಿರಜದಲ್ಲಿ ಡಾಕ್ಟರರನ್ನು ಕಂಡು ಹಿಮ್ಮಡಿಯ ನರ ಕೊಯ್ಯಿಸಲು ಎಲ್ಲ ಮಾತಾಡಿ ಬಂದಿದ್ದರು. ಕುರ್ಚಿಯಲ್ಲಿ ಕೂತ ಮಗಳನ್ನು ನೋಡಿ ಒಂದು ಕ್ಷಣ ಮುಖ ಅರಳಿತು. ಆಮೇಲೆ ನಾನು ನಿಲ್ಲಿಸುವುದನ್ನು ಬಿಟ್ಟಿದ್ದೇನೆ ಎಂದು ತಿಳಿದಾಗ ಅವರ ದನಿ ಏರಿತು.

"ಕುಂಡ್ರಸಿ ಬಿಟ್ರ ಜನ್ಮಾ ಪೂರಾ ಕುಂತಽ ಇರ್ತಾಳ. ನಾಳಿಗೆ ನಾವಿಲ್ಲಂದ್ರ ಯಾರ ಎತ್ತತಾರ? ನರಾ ಕೊಯ್ಸಿದ್ರ ಪಾದ ನೆಲಕ್ಕ ಊರತಾವಂತ."

"ಪಾದ ಊರತಾವ್ರಿ. ಮ್ಯಾಲಿನ ಮೈ ಹಿಡಿಯೋರು ಯಾರು?" ಎಂದೆ. "ಕುತ್ತಿಗಿ ಈಗ ನಿಂದ್ರಾಕತ್ತೈತಿ. ನಡಾ ಇನ್ನೂ ಪಕ್ಕಾ ಆಗಿಲ್ಲ. ಈಗ ಕೊಯ್ಸಿದ್ರ ತಿಂಗಳಗಟ್ಟಲೆ ಪ್ಲಾಸ್ಟರ್ ಹಾಕಿ ಅಂಗಾತ ಮಲಗಸತಾರ. ಕಲ್ತದ್ದೆಲ್ಲಾ ಹೋಗ್ತದ."

"ಡಾಕ್ಟರಕಿಂತ ನಿನಗ ಹೆಚ್ಚ ತಿಳೀತದೇನು?"

"ಹೆಚ್ಚ ತಿಳೀತದ ಅಂತ ನಾ ಅನ್ನಂಗಿಲ್ಲ. ಅವರು ನಿಮ್ಮ ಬಾಯಿಂದ ಕಾಲಿನ ಮಾತ ಕೇಳ್ಯಾರ. ಈಕಿ ಪೂರಾ ಮೈ ದಿನಾ ನನ್ನ ಕೈಯಾಗ ಇರ್ತದ. ಕೊಯ್ಸೋದು ಬ್ಯಾಡ ಅನ್ನಂಗಿಲ್ರಿ ನಾ. ಈಗ ಬ್ಯಾಡ."

ನನ್ನ ಗಂಡನಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅಪ್ಪ ಎದ್ದು ಎತ್ತಿನ ಕಡೆ ಹೋದರು, ಅಳಿಯನ ಮುಂದೆ ಮಾತಾಡಬಾರದೆಂದು. ಚಂಪಾ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು.

"ಎಲ್ಲಿ ತನಕಾ?" ಎಂದು ಕೊನೆಗೆ ಗಂಡ ಕೇಳಿದರು.

"ಎಳ್ಳ ಅಮವಾಸಿ ತನಕಾ. ಅಷ್ಟರಾಗ ಈಕಿ ತನ್ನ ಕೈಲೆ ತಾನು ಉಣಲಿಲ್ಲ ಅಂದ್ರ, ನೀವು ಎಲ್ಲಿ ಕರೀತೀರಿ ಅಲ್ಲಿ ಬರ್ತೀನಿ."

ಅವರು ಒಪ್ಪಿದರು. ಅಲ್ಲಿಯ ತನಕ ನಾವು ಚಪಳಗಾಂವದಲ್ಲೇ ಇರುವುದೆಂದಾಯಿತು. ತಿರುಗಿ ಹೋದ ಮೇಲೆ ಸೊಲ್ಲಾಪುರದ ಡಾಕ್ಟರೀಣಬಾಯಿಯನ್ನೂ ಕೇಳಿದರಂತೆ. ನರ ಇನ್ನೂ ಮೋಟಾಗದ ಹಾಗೆ ವ್ಯಾಯಾಮ ನಡೆದರೆ ಕೆಲವು ತಿಂಗಳು ಕಾಯಲು ಅಡ್ಡಿಯಿಲ್ಲ, ಕೂಡುವುದು ಗಟ್ಟಿಯಾದರೆ ಕೊಯ್ದದ್ದಕ್ಕೂ ಫಲ ಹೆಚ್ಚು ಎಂದು ಅವರು ಹೇಳಿಕಳಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಕೆಲಸ ಶುರುವಾಯಿತು. ಮುಂಜಾನೆ ಎದ್ದೊಡನೆ ಮೊಣಕಾಲು ಮಡಿಸಿ ತೂಗುವುದು, ಮೈ ಸಡಿಲಿದ ಮೇಲೆ ಹಿಮ್ಮಡಿ, ತೊಡೆ. ಆಮೇಲೆ ಕುರ್ಚಿ. ಮೊದಮೊದಲು ಒಂದು ರೊಟ್ಟಿ ಬೇಯುವಷ್ಟು ಹೊತ್ತಿಗೆ ದಣಿದು ತಲೆ ಇಳಿಸುತ್ತಿದ್ದಳು. ತಲೆ ಇಳಿಸುವ ಮುಂಚೆಯೇ ಎತ್ತಿಕೊಳ್ಳುತ್ತಿದ್ದೆ. ಸೋತ ಮೇಲೆ ಎತ್ತಿದರೆ ಸೋಲುವುದನ್ನೇ ಕಲಿಯುತ್ತಾಳೆ. ಮಣೆಯ ಮೇಲೆ ಕಡಲೆ, ಶೇಂಗಾ, ಹುಣಸೆಬೀಜ ಇಡುತ್ತಿದ್ದೆ. ದೊಡ್ಡದರಿಂದ ಸಣ್ಣದಕ್ಕೆ. ಎಡಗೈಯಿಂದ ಗೂಟವೊಂದನ್ನು ಹಿಡಿಸಿದರೆ ಬಲಗೈ ಕುಣಿಯುವುದು ಕಡಿಮೆ ಎಂದು ಕಂಡುಕೊಂಡೆ. ಬಡಿಗ ಮಣೆಗೆ ಎಡಬದಿಯಲ್ಲಿ ಒಂದು ಗೂಟ ಕೂಡಿಸಿ ಕೊಟ್ಟ.

ಶ್ರಾವಣದಲ್ಲಿ ಎಲ್ಲ ನೀರಿಗೆ ಬಿತ್ತು. ಚಳಿಜ್ವರ ಬಂತು, ಅದರ ಬೆನ್ನಿಗೆ ಕೆಮ್ಮು. ವಾರಗಟ್ಟಲೆ ಹಾಸಿಗೆಯಲ್ಲೇ. ಎದ್ದಾಗ ಕುತ್ತಿಗೆ ಮತ್ತೆ ಸೋತಿತ್ತು, ಮುಷ್ಟಿ ಬಿಗಿದಿತ್ತು. ಕುರ್ಚಿಯಲ್ಲಿ ಕೂಡಿಸಿದರೆ ಕಣ್ಣು ಮುಚ್ಚುತ್ತಿದ್ದಳು, ಎಂದರೆ ಬೇಡ. ನಾನು ಒತ್ತಾಯ ಮಾಡಲಿಲ್ಲ. ಹೆದರಲೂ ಇಲ್ಲ. ದಾರಿ ಗೊತ್ತಿತ್ತು, ಒಂದು ಊರು ಹಿಂದೆ ಬಂದ ಹಾಗೆ, ಮತ್ತೆ ಹೊರಡಬೇಕು, ಅಷ್ಟೇ. ಅಂಗಳದಲ್ಲಿ ಜೋಳವಿರಲಿಲ್ಲ. ಒಂದು ಬುಟ್ಟಿಯಲ್ಲಿ ಹತ್ತಿಕಾಳು ತುಂಬಿ ಅದರೊಳಗೆ ಕೂಡಿಸಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಮೊದಲಿಗಿಂತ ಬೇಗ ಬಂದಳು.

ಆ ಹೊತ್ತಿಗೆ ಅತ್ತೆ ಬಂದರು. ಸೊಸೆ ಇಲ್ಲದೆ ಮನೆ ಬಿಕೋ ಎನ್ನುತ್ತದೆ ಎಂದು ನೆಪ ಹೇಳಿದರು. ಚಂಪಾ ಚಮಚ ಹಿಡಿಯಲು ಒದ್ದಾಡುವುದನ್ನು ಎರಡು ದಿನ ನೋಡಿದರು. ಹಿಡಿ ತೆಳ್ಳಗಿದ್ದದ್ದರಿಂದ ಮುಷ್ಟಿಯಲ್ಲಿ ತಿರುಗಿಬಿಡುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಗಂಜಿಯೆಲ್ಲ ಚೆಲ್ಲುತ್ತಿತ್ತು. ಮೂರನೆಯ ದಿನ ಅವರು ಸೀರೆಯ ಹಳೆಯ ಅಂಚು ಹರಿದು ಹಿಡಿಗೆ ದಪ್ಪಗೆ ಸುತ್ತಿ ಹೊಲಿದರು. ಚಮಚದ ಕುತ್ತಿಗೆಯನ್ನು ಬೀಸುವ ಕಲ್ಲಿನ ಸಂದಿನಲ್ಲಿಟ್ಟು ಬಾಯಿಯ ಕಡೆಗೆ ಬಾಗಿಸಿದರು.

"ಈಕಿ ಕೈ ತಿರುಗಂಗಿಲ್ಲ. ಚಮಚಾನಽ ತಿರುಗಬೇಕು," ಎಂದರು.

ನನಗೆ ಹೊಳೆದಿರಲಿಲ್ಲ. ಆ ಚಮಚದಿಂದ ಚಂಪಾ ಮೊದಲ ತುತ್ತು ತನ್ನ ಬಾಯಿಗೆ ತಂದಳು. ಅರ್ಧ ಗದ್ದಕ್ಕೆ, ಅರ್ಧ ಒಳಗೆ. ಅತ್ತೆ ಒರೆಸಲು ಕೈ ಚಾಚಿದರು. ಚಂಪಾ ಬಾಯಲ್ಲಿದ್ದದ್ದನ್ನು ನುಂಗಿ, ಉಸಿರು ಎಳೆದುಕೊಂಡು, ಮುಖವೆಲ್ಲ ಕೆಂಪಗೆ ಮಾಡಿಕೊಂಡು ಒಂದು ಸದ್ದು ಹೊರಡಿಸಿದಳು.

"ಬ್ಯಾ... ಡ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಮೊದಲ್ನೇ ಮಾತಽ ಬ್ಯಾಡ! ಖರೆ ನಮ್ಮ ಮನಿ ಹೆಣಮಗಳು."

ಕೂಡಲು ಬಂದದ್ದರಿಂದ ಉಸಿರಿಗೆ ಎಡೆ ಸಿಕ್ಕಿತ್ತು, ಉಸಿರಿನಿಂದ ಮಾತಿಗೆ. ಮಣೆಯ ಮೇಲೆ ಹತ್ತಿಯ ಎಳೆ ಇಟ್ಟು ಊದಿಸುತ್ತಿದ್ದೆ. ಎಳೆ ದೂರ ಹೋದಷ್ಟೂ ಮಾತು ಉದ್ದವಾಯಿತು. ಮನೆಯಲ್ಲಿ ಒಂದು ಕಟ್ಟಳೆ ಮಾಡಿದೆ: ಚಂಪಾಳ ಮಾತನ್ನು ಯಾರೂ ಅವಳ ಪರವಾಗಿ ಮುಗಿಸಬಾರದು. ಇದು ಅತ್ತೆಗೆ ಎಲ್ಲರಿಗಿಂತ ಕಷ್ಟವಾಯಿತು. ತುಟಿಯ ಮೇಲೆ ಕೈ ಇಟ್ಟುಕೊಂಡು ಕೂಡುತ್ತಿದ್ದರು.

ಎಳ್ಳ ಅಮಾವಾಸ್ಯೆಗೆ ಗಂಡ ಬಂದರು. ಎಲ್ಲರೂ ಗಾಡಿ ಹೂಡಿಕೊಂಡು ಹೊಲಕ್ಕೆ ಹೋದೆವು, ಕುರ್ಚಿಯನ್ನೂ ಏರಿಸಿಕೊಂಡು. ಬಿಳಿಜೋಳ ಆಳೆತ್ತರ ನಿಂತಿತ್ತು. ಬನ್ನಿಮರದ ನೆರಳಲ್ಲಿ ಸಜ್ಜೆರೊಟ್ಟಿ, ಭಜ್ಜಿಪಲ್ಯ, ಕಡುಬು ಬಡಿಸಿದೆವು. ಚಂಪಾಳ ಮಣೆಯ ಮೇಲೂ ಬಡಿಸಿದೆ. ನಾನು ಅವಳ ಹತ್ತಿರ ಕೂಡಲಿಲ್ಲ, ಬೇಕೆಂದೇ ದೂರ ಕೂತೆ. ಅವಳು ಭಜ್ಜಿಪಲ್ಯಕ್ಕೆ ಚಮಚ ಇಳಿಸಿದಳು. ಕೈ ಒಂದು ಸಲ ಹಾರಿತು, ಪಲ್ಯ ಚೆಲ್ಲಿತು. ಎಡಗೈಯಿಂದ ಗೂಟ ಹಿಡಿದಳು. ಮತ್ತೆ ಇಳಿಸಿದಳು. ಬಾಯಿಗೆ ಬಂತು. ನಿಧಾನವಾಗಿ, ನಮ್ಮೆಲ್ಲರ ಊಟ ಮುಗಿದ ಮೇಲೂ, ತನ್ನ ಪಾಲನ್ನು ತಾನೇ ಉಂಡಳು. ಗಂಡ ಎದ್ದು ಕೈ ತೊಳೆದುಕೊಳ್ಳಲಿಲ್ಲ. ಅವಳು ಮುಗಿಸುವ ತನಕ ಒಣಗಿದ ಕೈಯಲ್ಲೇ ಕೂತಿದ್ದರು. ಆಮೇಲೆ ಕಡುಬಿನ ಬುಟ್ಟಿ ಹಿಡಿದು ಅವಳ ಎದುರು ಬಂದು, ಬೀಗರಿಗೆ ಕೇಳುವ ಹಾಗೆ, "ಇನ್ನೊಂದ ಹಾಕಲೇನ್ರಿ?" ಎಂದರು.

ಮಿರಜಕ್ಕೆ ನಾವು ಹೋದೆವು, ಅದರ ಮುಂದಿನ ವರ್ಷ. ಹಿಮ್ಮಡಿಯ ನರ ಉದ್ದ ಮಾಡಿದರು. ಪ್ಲಾಸ್ಟರಿನಲ್ಲಿದ್ದಾಗಲೂ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಲು ಕೇಳಿಕೊಂಡೆ, ಅಲ್ಲಿಯವರು ಒಪ್ಪಿದರು. ಪಾದ ನೆಲಕ್ಕೆ ಊರಿದವು. ಎರಡು ಅಡ್ಡಬೊಂಬುಗಳನ್ನು ಹಿಡಿದು ನಿಲ್ಲುವುದನ್ನು, ಮಲಗುವ ಹೊರಸಿನಿಂದ ಕುರ್ಚಿಗೆ ತಾನೇ ಹೊರಳಿ ಬರುವುದನ್ನು ಕಲಿತಳು. ಬಿಟ್ಟು ನಡೆಯಲಿಲ್ಲ. ಅದು ಆಗದ ಕೆಲಸ ಎಂದು ಅಷ್ಟರಲ್ಲಿ ನಮಗೆ ತಿಳಿದಿತ್ತು, ಮಾಡುವ ಕೆಲಸ ಬೇರೆ ಬೇಕಾದಷ್ಟಿತ್ತು.

ಅದರಲ್ಲಿ ಒಂದು ಶಾಲೆ. ಸೊಲ್ಲಾಪುರಕ್ಕೆ ಮರಳಿದ ಮೇಲೆ ಹೆಣ್ಣುಮಕ್ಕಳ ಕನ್ನಡ ಶಾಲೆಯೊಂದರಲ್ಲಿ ಕೇಳಿದೆ. ಅಲ್ಲಿಯ ಮಾಸ್ತರೀಣಬಾಯಿ ಮೊದಲು ಹಿಂದೆಮುಂದೆ ನೋಡಿದರು. ಚಂಪಾ ಅವರಿಗೆ ತನ್ನ ಹೆಸರು, ಊರು ಹೇಳಿದಳು. ಹೇಳಿ ಮುಗಿಸುವ ತನಕ ಅವರು ಕಾದರು. ಮಧ್ಯದಲ್ಲಿ ಮಾತು ತುಂಬಲಿಲ್ಲ. ಇವರ ಹತ್ತಿರ ಬಿಡಬಹುದು ಎಂದು ನನಗೆ ಅನ್ನಿಸಿದ್ದು ಆಗಲೇ. ನಾನು ಬಾಗಿಲ ಹೊರಗೆ ಕೂತಿರಬೇಕು ಎಂಬ ಕರಾರಿನ ಮೇಲೆ ಸೇರಿಸಿಕೊಂಡರು. ದಿನವೂ ಟಾಂಗಾದಲ್ಲಿ ಕುರ್ಚಿ ಏರಿಸಿಕೊಂಡು ಹೋಗಿಬರುತ್ತಿದ್ದೆವು.

ಶಾಲೆಗೆ ಹೊಂದಿಕೊಂಡ ಮೇಲೆ ಒಂದು ಮಧ್ಯಾಹ್ನ ಬಾಯಿ ಭೂಗೋಳದ ಪಾಠದಲ್ಲಿ ಕೇಳಿದರು, "ಪಂಢರಪುರ ಯಾವ ಹೊಳಿ ದಂಡಿ ಮ್ಯಾಲ ಐತಿ?" ಹಲವು ಕೈ ಎದ್ದವು. ಚಂಪಾ ಗದ್ದ ಎತ್ತಿದಳು. ಅದು ಅವಳು ಕೈ ಎತ್ತುವ ರೀತಿ. ಬಾಯಿ ಅವಳನ್ನೇ ಕರೆದರು. ಉಸಿರು ಸಿದ್ಧವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಹುಡುಗಿಗೆ ತಡೆಯಲಾಗಲಿಲ್ಲ.

"ನಾ ಹೇಳ್ತೀನ್ರಿ, ಬಾಯಿ."

"ಚಂಪಾ ಹೇಳಾಕತ್ತಾಳ. ತಡಿ," ಎಂದರು ಬಾಯಿ.

ಹೊರಗೆ ನಾನು ಬಾಗಿಲ ಕಡೆ ಬಗ್ಗಿದೆ.

"ಸೀ... ನಾ."

"ತಪ್ಪು. ಸೀನಾ ಬ್ಯಾರೆ ಹೊಳಿ. ಇದು ಭೀಮಾ. ನಾಳಿ ಓದಿಕೊಂಡು ಬಾ," ಎಂದು ಬಾಯಿ ಮುಂದಿನ ಪ್ರಶ್ನೆಗೆ ಹೋದರು.

ಅಷ್ಟು ವರ್ಷ ಅವಳ ಬಾಯಿಂದ ಏನು ಬಂದರೂ ನಾವೆಲ್ಲ ಭೇಷ್ ಎಂದವರೇ. ಅವಳ ಉತ್ತರ ತಪ್ಪು ಎಂದು ಯಾರೂ ಹೇಳಿರಲಿಲ್ಲ. ಚಂಪಾಳ ಕಿವಿ ಕೆಂಪಗಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಟಾಂಗಾ ವಿಜಾಪುರ ರಸ್ತೆ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ನಂಗ... ಗೊತ್ತಿತ್ತು. ಭೀ... ಮಾ."

"ಗೊತ್ತಿದ್ರ ಯಾಕ ಹೇಳಲಿಲ್ಲ? ಸುಳ್ಳ ಹೇಳಾಕತ್ತೀ."

"ಇಲ್ಲ!" ಎಂದಳು.

ಅವಳು ಅಷ್ಟು ತಟ್ಟನೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಶಾಲೆಗೆ ಹೋಗುವ ಎಲ್ಲ ಮಕ್ಕಳೂ ಮನೆಯ ದಾರಿಯಲ್ಲಿ ಹೇಳುವ ಸುಳ್ಳು ಅದು. ನಾನು ಮುಖ ಆಚೆ ತಿರುಗಿಸಿ ನಕ್ಕೆ, ಅವಳಿಗೆ ಕಾಣದ ಹಾಗೆ.